ಫಾರಿನ್ ಅಕ್ಕ ಮತ್ತೆ ಯಾವಾಗ ಬರ್ತಾರೆ?

ಬೆಂಗಳೂರಿಗೆ ಹೊರಗಿನಿಂದ ಬರುವವರಲ್ಲಿ ಬಹಳ ಮಂದಿ ಮೊದಲು ಕಾಲಿಡುವುದು ಉಪ್ಪಾರಪೇಟೆಯ ಆಸುಪಾಸಿನಲ್ಲಿ. ಒಂದು ಮಗ್ಗುಲಿಗೆ ಸಂಗೊಳ್ಳಿ ರಾಯಣ್ಣ ರೈಲು ನಿಲ್ದಾಣ, ಇನ್ನೊಂದು ಮಗ್ಗುಲಿಗೆ ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ ಎದ್ದ ಕೆಂಪೇಗೌಡ ಬಸ್ ನಿಲ್ದಾಣ, ಸುತ್ತ ಲಾಡ್ಜು, ದರ್ಶಿನಿ, ಬ್ಯಾಗಿನ ಅಂಗಡಿಗಳು. ಪರಊರಿನಿಂದ ಬಂದವರಿಗೆ ಇಳಿದುಕೊಳ್ಳಲು ಒಂದು ಜಾಗ ಇರಲಿ ಎಂದು ಗುಬ್ಬಿ ತೋಟದಪ್ಪನವರು ನೂರು ವರ್ಷಕ್ಕೂ ಹಿಂದೆ ಛತ್ರ ಕಟ್ಟಿಸಿದ್ದು ಈ ರೈಲು ನಿಲ್ದಾಣದ ಹತ್ತಿರವೇ. ಇವತ್ತಿಗೂ ಬೆಳಗಿನ ಹೊತ್ತು ಇಲ್ಲಿ ನಿಂತರೆ ಎರಡು ಬಗೆಯ ಹೊಸಬರು ಕಣ್ಣಿಗೆ ಬೀಳುತ್ತಾರೆ. ಬೆನ್ನ ತುಂಬ ಬ್ಯಾಗು ಹೊತ್ತು, ಫೋನಿನಲ್ಲಿ ನಕ್ಷೆ ತೋರಿಸುತ್ತಾ ಆಟೊದವರ ಜೊತೆ ಬಾಡಿಗೆ ಮಾತಾಡುವ ಹತ್ತೊಂಬತ್ತು ಇಪ್ಪತ್ತರ ವಿದೇಶಿ ಹುಡುಗ ಹುಡುಗಿಯರು ಒಂದು ಬಗೆ. ಕೈಯಲ್ಲಿ ಒಂದು ಚೀಲವೂ ಇಲ್ಲದೆ ಜನ ಹೋದತ್ತ ಹೋಗುವ, ಯಾರಾದರೂ ಮಾತಾಡಿಸಿದರೆ ಬೆಚ್ಚುವ, ಮನೆ ಬಿಟ್ಟು ಬಂದ ಹತ್ತು ಹನ್ನೆರಡು ವರ್ಷದ ಹಳ್ಳಿ ಮಕ್ಕಳು ಇನ್ನೊಂದು ಬಗೆ.

ಈ ಇಬ್ಬರೂ ಸ್ವಲ್ಪ ದಿನದಲ್ಲೇ ಒಂದು ಕೇರಂ ಬೋರ್ಡಿನ ಎದುರುಬದುರು ಕೂರಬಹುದು. 1980ರಲ್ಲಿ ಸಲೇಷಿಯನ್ ಎಂಬ ಕ್ರೈಸ್ತ ಸಭೆಯ ಕೆಲವು ವಿದ್ಯಾರ್ಥಿಗಳು ಬೆಂಗಳೂರಿನ ಬೀದಿಗಳಲ್ಲಿ ಬದುಕುತ್ತಿದ್ದ ಮಕ್ಕಳ ಪಕ್ಕ ಹೋಗಿ ಕೂತು ಮಾತಾಡಲು ಶುರು ಮಾಡಿದರು. ಅದೇ ಬೆಂಗಳೂರು ಓಣಿಯವರ ಸೇವಾ ಕೂಟವಾಯಿತು. ಬಾಸ್ಕೋ ಎಂದರೆ ಎಲ್ಲರಿಗೂ ಗೊತ್ತು. ಗಾಂಧಿನಗರ, ಮೆಜೆಸ್ಟಿಕ್, ರೈಲು ನಿಲ್ದಾಣ ಇದರ ಮೊದಲ ಕಾರ್ಯಕ್ಷೇತ್ರ. ಪ್ಲಾಟ್‌ಫಾರಂನಲ್ಲಿ ಒಂಟಿಯಾಗಿ ಕಂಡ ಮಗುವನ್ನು ಕಾರ್ಯಕರ್ತರು ಮಾತಾಡಿಸಿ ಕರೆದುಕೊಂಡು ಹೋಗುತ್ತಾರೆ. ಬಾಲನ್ಯಾಯ ಕಾಯ್ದೆಯ ಪ್ರಕಾರ 24 ಗಂಟೆಯೊಳಗೆ ಅಂಥ ಮಗುವನ್ನು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. ಆಮೇಲೆ ಊರು ಯಾವುದು, ಅಪ್ಪ ಅಮ್ಮ ಯಾರು, ಮನೆ ಬಿಟ್ಟದ್ದು ಏಕೆ ಎಂಬ ಹುಡುಕಾಟ. ಅಷ್ಟು ದಿನ ಮಗು ಆಶ್ರಯಧಾಮದಲ್ಲಿ ಇರುತ್ತದೆ.

ಇಂಥ ಮನೆಗಳಿಗೆ ಜರ್ಮನಿಯಿಂದ ಹುಡುಗರು ಬರುತ್ತಾರೆ. ಸಲೇಷಿಯನ್ನರ ಡಾನ್ ಬಾಸ್ಕೋ ಜಾಲ ಯುರೋಪಿನಲ್ಲೂ ಹರಡಿರುವುದರಿಂದ ಹಾದಿ ಸುಲಭ. 2008ರಲ್ಲಿ ಜರ್ಮನ್ ಸರ್ಕಾರ ‘ವೆಲ್ಟ್‌ವೆರ್ಟ್ಸ್’ ಎಂಬ ಯೋಜನೆ ಶುರು ಮಾಡಿತು. ಶಾಲೆ ಮುಗಿಸಿದ ಯುವಕರು ಆರು ತಿಂಗಳಿಂದ ಎರಡು ವರ್ಷದವರೆಗೆ ಹೊರದೇಶದಲ್ಲಿ ಸೇವೆ ಮಾಡಿ ಬರಲು ಅದು ನೆರವು ಕೊಡುತ್ತದೆ. ಬಂದವರು ಸಾಮಾನ್ಯವಾಗಿ ಒಂದು ವರ್ಷ ಇರುತ್ತಾರೆ. ಸಂಜೆ ಫುಟ್‌ಬಾಲ್, ರಾತ್ರಿ ಹೋಂವರ್ಕ್, ಭಾನುವಾರ ಬಟ್ಟೆ ಒಗೆಯುವುದರಲ್ಲಿ ಒಂದು ಕೈ. ಕನ್ನಡ ಮೊದಲು ಬರುವುದು ಕೇರಂ ಬೋರ್ಡಿನ ಸುತ್ತಲೇ. ‘ರೆಡ್ ಹಾಕು’, ‘ಫೌಲು’, ‘ನಂದು ಚಾನ್ಸು’. ವ್ಯಾಕರಣದ ಪುಸ್ತಕಕ್ಕಿಂತ ಈ ಪಾಠ ಬೇಗ ನಾಲಿಗೆಗೆ ಹತ್ತುತ್ತದೆ.

ಆಶ್ರಯಧಾಮವಿರಲಿ, ಹಳ್ಳಿ ಶಾಲೆಯಿರಲಿ, ಸ್ವಯಂಸೇವೆಗೆ ಬಂದವರು ಊರಿಗೆ ಮರಳಿ ಹೇಳುವ ಕತೆಗಳಲ್ಲೆಲ್ಲ ಮಕ್ಕಳ ಪ್ರೀತಿಯದೇ ದೊಡ್ಡ ಪಾಲು. ಮೊದಲ ದಿನವೇ ಕೈ ಹಿಡಿದುಕೊಂಡರು, ಹೊರಡುವ ದಿನ ಅತ್ತರು, ಒಬ್ಬಳು ತನ್ನ ಬಳೆ ಬಿಚ್ಚಿ ಕೊಟ್ಟಳು. ಇದು ಸುಳ್ಳಲ್ಲ. ನಮ್ಮ ಹಳ್ಳಿ ಮಕ್ಕಳು ಹಾಗೆಯೇ. ಹೊಸಬರು ಬಂದರೆ ಮೊದಲು ಬಾಗಿಲ ಸಂದಿಯಿಂದ ಇಣುಕುತ್ತಾರೆ. ಬಿಸಿಯೂಟದ ಹೊತ್ತಿಗೆ ಪಕ್ಕದಲ್ಲಿ ಕೂರುತ್ತಾರೆ. ಸಂಜೆಯ ಹೊತ್ತಿಗೆ ಅಕ್ಕ, ಅಣ್ಣ ಎಂದು ಕೂಗಲು ಶುರು. ನನ್ನ ಆತಂಕ ಬೇರೆ. ಬಂದವರ ಕತೆ ವಿಮಾನ ಹತ್ತುವಲ್ಲಿಗೆ ಮುಗಿಯುತ್ತದೆ, ಮಗುವಿನದು ಆಮೇಲೂ ನಡೆಯುತ್ತದೆ. ‘ಫಾರಿನ್ ಅಕ್ಕ ಮತ್ತೆ ಯಾವಾಗ ಬರ್ತಾರೆ ಮಿಸ್?’ ಎಂಬ ಪ್ರಶ್ನೆಗೆ ಉತ್ತರ ಹೇಳಬೇಕಾದವರು ಶಾಲೆಯ ಮೇಡಂ. ಅವರು ದಸರಾ ರಜೆ ಮುಗಿಯಲಿ ಅನ್ನುತ್ತಾರೆ, ಆಮೇಲೆ ಸಂಕ್ರಾಂತಿ ಅನ್ನುತ್ತಾರೆ, ಒಂದು ದಿನ ಮಕ್ಕಳು ಕೇಳುವುದನ್ನು ಬಿಡುತ್ತಾರೆ.

ಹೆಗ್ಗಡದೇವನಕೋಟೆ ತಾಲ್ಲೂಕಿನ ಒಂದು ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಒಂದು ಬೆಳಿಗ್ಗೆ ಕೂತಿದ್ದೆ. ನಲಿ-ಕಲಿ ತರಗತಿ. ಒಂದು, ಎರಡು, ಮೂರನೇ ಇಯತ್ತೆಯ ಮಕ್ಕಳು ಒಂದೇ ಕೋಣೆಯಲ್ಲಿ. ತಲೆಯ ಮೇಲೆ ದಾರದ ಚಪ್ಪರ, ಅದಕ್ಕೆ ಮಕ್ಕಳು ಬಿಡಿಸಿದ ಚಿತ್ರಗಳು. ಗೋಡೆಯ ಬುಡದಲ್ಲಿ ಮಕ್ಕಳ ಎತ್ತರಕ್ಕೆ ಬಳಿದ ಕಪ್ಪುಹಲಗೆ. ಮಕ್ಕಳು ಪಾಠದ ಹಂತ ತೋರಿಸುವ ‘ಕಲಿಕಾ ಏಣಿ’ ನೋಡಿ ತಮ್ಮ ಕಾರ್ಡು ತಾವೇ ಹುಡುಕಿ ತಂದು, ಯಾವ ತಟ್ಟೆಗೆ ಸೇರಬೇಕೋ ಅಲ್ಲಿ ಕೂರುತ್ತಿದ್ದರು. ಗೊತ್ತಿಲ್ಲದವರಿಗೆ ಹೇಳಬೇಕು: ನಲಿ-ಕಲಿಯಲ್ಲಿ ತಟ್ಟೆ ಎಂದರೆ ಗುಂಪು. ಮೊದಲನೆಯದು ಪೂರ್ತಿ ಶಿಕ್ಷಕರ ನೆರವಿನದು, ಕೊನೆಯದು ಮಗು ತಾನೇ ಕಲಿಯುವುದು, ನಡುವೆ ಗೆಳೆಯರ ನೆರವಿನಿಂದ ನಡೆಯುವಂಥವೂ ಇವೆ.

ಆ ಕೋಣೆಯಲ್ಲಿ ಯುರೋಪಿನಿಂದ ಬಂದಿದ್ದ ಒಬ್ಬಳು ಹುಡುಗಿ ಇದ್ದಳು. ಮೇಡಂ ಅವಳನ್ನು ಮೊದಲ ತಟ್ಟೆಯ ಹತ್ತಿರಕ್ಕೂ ಬಿಟ್ಟಿರಲಿಲ್ಲ. ನಾಲ್ಕನೇ ತಟ್ಟೆಯಲ್ಲಿ, ಮಕ್ಕಳ ಸಮಕ್ಕೆ ನೆಲದ ಮೇಲೆ ಕೂರಿಸಿದ್ದರು. ಎರಡನೇ ಇಯತ್ತೆಯ ಒಬ್ಬಳು ಪುಟ್ಟ ಹುಡುಗಿ ಕಾರ್ಡು ತೋರಿಸಿ ಅವಳಿಂದ ಓದಿಸುತ್ತಿದ್ದಳು. ‘ಬಳೆ’ ಎನ್ನಲು ಹೋಗಿ ಈಕೆ ‘ಬಲೆ’ ಅಂದಳು. ‘ಲ ಅಲ್ಲ ಅಕ್ಕಾ, ಳ. ನಾಲಿಗೆ ಮಡಚಿ’ ಎಂದು ಪುಟ್ಟಿ ತನ್ನ ಬಾಯಿ ಅಗಲವಾಗಿ ತೆರೆದು ನಾಲಿಗೆ ಹೇಗೆ ಮಡಚಬೇಕೆಂದು ತೋರಿಸಿದಳು. ಮತ್ತೆ ತಪ್ಪು. ಪಕ್ಕದ ಹುಡುಗ ತಾನೂ ಬಾಯಿ ತೆರೆದ. ಐದಾರು ಸಲ ಆದ ಮೇಲೆ ‘ಳ’ ಬಂತು. ಪುಟ್ಟಿ ಮೇಡಂ ಕಡೆ ತಿರುಗಿ, ‘ಮಿಸ್, ಇವರಿಗೆ ಮುಂದಿನ ಕಾರ್ಡು ಕೊಡಬಹುದು’ ಅಂದಳು.

ಆ ಮೇಡಂ ಬುದ್ಧಿವಂತರು. ವಿದೇಶದಿಂದ ಬಂದವಳು ಎಂಬ ಕಾರಣಕ್ಕೆ ಕೈಗೆ ಚಾಕ್‌ಪೀಸ್ ಕೊಟ್ಟು ಇಂಗ್ಲಿಷ್ ಪಾಠ ಮಾಡು ಎನ್ನಲಿಲ್ಲ. ಹಾಗೆ ಮಾಡಿದ್ದರೆ ಮಕ್ಕಳು ಸಾಲಾಗಿ ಕೂತು ಏನೋ ಒಂದನ್ನು ಕೋರಸ್ಸಿನಲ್ಲಿ ಒಪ್ಪಿಸುತ್ತಿದ್ದರು, ಅಷ್ಟೆ. ಇಲ್ಲಿ ಎಂಟು ವರ್ಷದ ಹುಡುಗಿಗೆ ತನಗೆ ಗೊತ್ತಿರುವುದು ದೊಡ್ಡವರಿಗೂ ಗೊತ್ತಿಲ್ಲದಿರಬಹುದು, ಅದನ್ನು ತಾನು ಕಲಿಸಬಲ್ಲೆ ಎಂಬ ಧೈರ್ಯ ಬಂತು. ಆ ಅಕ್ಕ ಹೊರಟುಹೋದರೂ ಧೈರ್ಯ ಉಳಿಯುತ್ತದೆ. ನಂಟಿನ ಗುಣ ನೋಡಬೇಕಾದದ್ದು ಹೀಗೆ ಎಂದು ನನಗೆ ಅನಿಸುತ್ತದೆ.

ನಲಿ-ಕಲಿ ಹುಟ್ಟಿದ್ದೂ ಇದೇ ತಾಲ್ಲೂಕಿನಲ್ಲಿ, 1995ರಲ್ಲಿ. ಯುನಿಸೆಫ್ ನೆರವಿತ್ತು. ಇಲ್ಲಿನ ಸರ್ಕಾರಿ ಶಾಲೆಯ ಮೇಷ್ಟ್ರುಗಳು ಆಂಧ್ರದ ರಿಷಿ ವ್ಯಾಲಿಗೆ ಹೋಗಿ ಅಲ್ಲಿನ ಹಳ್ಳಿ ಶಾಲೆಗಳನ್ನು ನೋಡಿ ಬಂದು, ತಮ್ಮ ಮಕ್ಕಳಿಗೆ ಒಗ್ಗುವ ಹಾಗೆ ಕಾರ್ಡು ಬರೆದುಕೊಂಡರು. 2009ರ ಹೊತ್ತಿಗೆ ಅದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಬಂತು. ಹೊರಗಿನದನ್ನು ನೋಡಿ ಕಲಿತವರು ಊರಿನ ಮೇಷ್ಟ್ರುಗಳೇ, ಉಳಿದು ನಡೆಸಿದವರೂ ಅವರೇ. ಬಂದು ಹೋಗುವವರನ್ನು ಎಲ್ಲಿ ಕೂರಿಸಬೇಕೆಂದು ಅಲ್ಲಿನ ಮೇಡಂಗೆ ಯಾರೂ ಹೇಳಿಕೊಡಬೇಕಾಗಲಿಲ್ಲ.

ಇದೇ ಸೀಮೆಯಲ್ಲಿ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಇದೆ. 1984ರಲ್ಲಿ ಮೈಸೂರು ವೈದ್ಯಕೀಯ ಕಾಲೇಜಿನಲ್ಲಿ ಓದುತ್ತಿದ್ದ ಆರ್. ಬಾಲಸುಬ್ರಹ್ಮಣ್ಯಂ ಮತ್ತು ಗೆಳೆಯರು ಕಟ್ಟಿದ ಸಂಸ್ಥೆ. ಜೇನುಕುರುಬ, ಕಾಡುಕುರುಬ ಹಾಡಿಗಳ ಮಕ್ಕಳಿಗಾಗಿ ಹೊಸಹಳ್ಳಿಯಲ್ಲಿ ಶಾಲೆ, ಸರಗೂರಿನಲ್ಲಿ ಆಸ್ಪತ್ರೆ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಈ ಸಂಸ್ಥೆಯ ಜೊತೆ ಕಲಿಯಲು ಬರುತ್ತಾರೆ. ಅವರು ಮೊದಲು ವಿದ್ಯಾರ್ಥಿಗಳಾಗಿ ಬರುತ್ತಾರೆ ಎಂಬುದು ಮುಖ್ಯ. ಕಬಿನಿ ಅಣೆಕಟ್ಟು, ಬಂಡೀಪುರ, ನಾಗರಹೊಳೆ ಎಂದು ಕಾಡಿನಿಂದ ಎದ್ದು ಬಂದ ಜನರ ನಡುವೆ ಕೆಲಸ ಮಾಡುವಾಗ ಮೊದಲು ಕೇಳಿಸಿಕೊಳ್ಳಬೇಕು. ಹಾಡಿಯ ಶಾಲೆಯಲ್ಲಿ ಕಾಫಿ ಹಣ್ಣಾಗುವ ಕಾಲಕ್ಕೆ ಎಷ್ಟೋ ಜಾಗ ಖಾಲಿ ಬೀಳುತ್ತದೆ. ಅಪ್ಪ ಅಮ್ಮ ಕೊಡಗಿನ ತೋಟಗಳಿಗೆ ಕೂಲಿಗೆ ಹೋಗುತ್ತಾರೆ, ಮಕ್ಕಳೂ ಜೊತೆಗೆ. ನಿನ್ನೆಯವರೆಗೆ ಕೈ ಹಿಡಿದು ಓಡಾಡಿದ ಹುಡುಗ ಇವತ್ತು ಬಂದಿಲ್ಲ ಎಂದರೆ ಅವನಿಗೆ ಓದಿನಲ್ಲಿ ಆಸಕ್ತಿಯಿಲ್ಲ ಎಂದು ತೀರ್ಮಾನಿಸುವುದು ಸುಲಭ. ಮನೆಯಲ್ಲಿ ನೋಡಿಕೊಳ್ಳುವವರಿಲ್ಲ, ತಂಗಿಯನ್ನು ಎತ್ತಿಕೊಳ್ಳುವವನು ಅವನೇ ಎಂಬುದು ತಿಳಿಯಬೇಕಾದರೆ ಒಂದು ವರ್ಷದ ಬೆಳೆ ಸುತ್ತನ್ನಾದರೂ ಅಲ್ಲಿದ್ದು ನೋಡಬೇಕು.

ಉಳಿದು ಕೆಲಸ ಮಾಡುವುದು ನಮ್ಮ ನಾಡಿಗೆ ಬಂದ ಹೊರಗಿನವರಿಗೆ ಹೊಸತೇನಲ್ಲ. ಕೆನಡಿ 1961ರಲ್ಲಿ ಅಮೆರಿಕದ ಪೀಸ್ ಕೋರ್ ಶುರು ಮಾಡಿದರು. ಅದೇ ವರ್ಷದ ಕೊನೆಗೆ ಮೊದಲ ತಂಡ ಭಾರತಕ್ಕೆ, ಪಂಜಾಬಿಗೆ ಬಂತು. ಮುಂದೆ ಮೈಸೂರು ರಾಜ್ಯಕ್ಕೂ ತಂಡಗಳು ಬಂದವು. 1976ರಲ್ಲಿ ಭಾರತದ ಕಾರ್ಯಕ್ರಮ ನಿಲ್ಲುವ ಹೊತ್ತಿಗೆ ನಾಲ್ಕು ಸಾವಿರಕ್ಕೂ ಹೆಚ್ಚು ಮಂದಿ ಬಂದು ಹೋಗಿದ್ದರು. ಮುಂದೆ ಅಧ್ಯಕ್ಷರಾದ ಜಿಮ್ಮಿ ಕಾರ್ಟರ್ ಅವರ ತಾಯಿ ಲಿಲಿಯನ್, 68ನೇ ವಯಸ್ಸಿನಲ್ಲಿ ಬಂದು ಮುಂಬೈ ಹತ್ತಿರದ ವಿಕ್ರೋಲಿಯಲ್ಲಿ ನರ್ಸ್ ಆಗಿ ದುಡಿದರು. ಅಮೆರಿಕದ ರಾಜಕೀಯ ಲೆಕ್ಕಾಚಾರ ಇದರ ಹಿಂದೆ ಇರಲಿಲ್ಲ ಎನ್ನಲಾಗದು. ಆದರೆ ಒಂದು ವಿಷಯದಲ್ಲಿ ಅವರು ಇಂದಿನವರಿಗಿಂತ ಶಿಸ್ತಿನವರು. ಬಂದವರು ಎರಡು ವರ್ಷ ಇರಬೇಕಿತ್ತು, ಹೋಗುವ ಊರಿನ ಭಾಷೆ ಮೊದಲೇ ಕಲಿಯಬೇಕಿತ್ತು. ಅರವತ್ತರ ದಶಕದಲ್ಲೇ ವಿದ್ವಾಂಸ ವಿಲಿಯಂ ಮೆಕಾರ್ಮ್ಯಾಕ್ ಅವರು ನಮ್ಮ ವಿಮರ್ಶಕ ಎಂ.ಜಿ. ಕೃಷ್ಣಮೂರ್ತಿಯವರ ಜೊತೆ ಸೇರಿ ಆಡುಗನ್ನಡ ಕಲಿಸುವ ಪುಸ್ತಕ ಸಿದ್ಧಪಡಿಸಿದರು. 1966ರಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯ ಅದನ್ನು ಅಚ್ಚು ಹಾಕಿಸಿತು. ಗ್ರಂಥದ ಕನ್ನಡಕ್ಕಿಂತ ಜನ ಮಾತಾಡುವ ಕನ್ನಡಕ್ಕೆ ಅಲ್ಲಿ ಮನ್ನಣೆ. ‘ಊಟ ಆಯ್ತಾ’ ಎಂದು ಕೇಳಲು ಬರುವವನ ಜೊತೆ ಮಗು ಒಂದು ರೀತಿ ಇರುತ್ತದೆ, ಬರಿ ನಗುವವನ ಜೊತೆ ಇನ್ನೊಂದು ರೀತಿ.

ಈಗಿನ ಕಾಲದಲ್ಲಿ ಸೇವೆ ಪ್ರವಾಸದ ಪ್ಯಾಕೇಜಿನೊಳಗೆ ಬಂದು ಸೇರಿದೆ. ಒಂದು ವಾರ ಕಡಲತೀರ, ಒಂದು ವಾರ ಅರಮನೆ, ನಡುವೆ ಎರಡು ವಾರ ಮಕ್ಕಳ ಜೊತೆ. ದುಡ್ಡು ಕಟ್ಟುವವರು ಬರುವವರೇ. ನಮ್ಮ ಸರ್ಕಾರದ ಇ-ಪ್ರವಾಸಿ ವೀಸಾದಲ್ಲೂ ಹೆಚ್ಚೆಂದರೆ ಒಂದು ತಿಂಗಳ, ಸಂಬಳವಿಲ್ಲದ ಸ್ವಯಂಸೇವೆಗೆ ಅವಕಾಶವಿದೆ. ಒಂದು ತಿಂಗಳಲ್ಲಿ ಶಾಲೆಯ ಗೋಡೆಗೆ ಬಣ್ಣ ಬಳಿಯಬಹುದು, ಗ್ರಂಥಾಲಯದ ಪುಸ್ತಕ ಜೋಡಿಸಬಹುದು, ಮೇಷ್ಟ್ರಿಗೆ ಕಂಪ್ಯೂಟರ್ ಕಲಿಸಬಹುದು. ಮಗುವಿನ ಮನಸ್ಸಿನಲ್ಲಿ ಜಾಗ ಹಿಡಿದು ಎದ್ದು ಹೋಗುವುದನ್ನು ಮಾತ್ರ ಆ ಅವಧಿಯಲ್ಲಿ ಮಾಡಬಾರದು.

ಅದರಲ್ಲೂ ಅನಾಥಾಲಯಗಳಲ್ಲಿ. ಹಳ್ಳಿ ಶಾಲೆಯ ಮಗುವಿಗೆ ಸಂಜೆ ಹೋಗಲು ಮನೆಯಿದೆ, ಬೈಯಲು ಅಮ್ಮ ಇದ್ದಾಳೆ, ಕತೆ ಹೇಳಲು ಅಜ್ಜಿ ಇದ್ದಾಳೆ. ಫಾರಿನ್ ಅಕ್ಕ ಹೋದರೆ ನಾಲ್ಕು ದಿನ ಬೇಜಾರು. ಸಂಸ್ಥೆಯಲ್ಲಿ ಬೆಳೆಯುವ ಮಗುವಿಗೆ ಅಷ್ಟು ಆಸರೆ ಇಲ್ಲ. ಗುರುತಿಲ್ಲದವರು ಬಂದ ಕೂಡಲೇ ಓಡಿ ಬಂದು ತಬ್ಬಿಕೊಳ್ಳುವ ಮಗುವನ್ನು ನೋಡಿ ಬಂದವರು ಕರಗಿಹೋಗುತ್ತಾರೆ. ಮಕ್ಕಳ ಮನಸ್ಸನ್ನು ಬಲ್ಲವರಿಗೆ ಅದು ಎಚ್ಚರದ ಗಂಟೆ. ಒಬ್ಬರೇ ಬಹಳ ಕಾಲ ಜೊತೆಗಿದ್ದು ನೋಡಿಕೊಂಡಿಲ್ಲ, ಆದ್ದರಿಂದ ಯಾರಾದರೂ ಆಗಬಹುದು ಎಂಬ ಸ್ಥಿತಿ ಅದು. ಲಿಂಡಾ ರಿಕ್ಟರ್ ಮತ್ತು ಏಮಿ ನಾರ್ಮನ್ 2010ರಲ್ಲಿ ಆಫ್ರಿಕಾದ ಅನಾಥಾಲಯಗಳಿಗೆ ಬರುವ ಪ್ರವಾಸಿ ಸ್ವಯಂಸೇವಕರ ಬಗ್ಗೆ ಬರೆದಾಗ ಇದನ್ನೇ ಎತ್ತಿ ಹೇಳಿದರು. ತಿಂಗಳಿಗೊಬ್ಬರು ಬಂದು ಹತ್ತಿರವಾಗಿ ಹೋಗುತ್ತಿದ್ದರೆ ಮಗುವಿಗೆ ಮತ್ತೆ ಮತ್ತೆ ಅಗಲಿಕೆಯೇ ಅಭ್ಯಾಸವಾಗುತ್ತದೆ.

ಕಾಂಬೋಡಿಯಾ, ನೇಪಾಳಗಳಲ್ಲಿ ಇದು ಇನ್ನೂ ಕೆಟ್ಟ ರೂಪ ತಾಳಿತು. ನೋಡಲು ಬರುವ, ದುಡ್ಡು ಕೊಡುವ ವಿದೇಶಿಯರಿಗಾಗಿ ಅನಾಥಾಲಯಗಳು ಎದ್ದವು. ಅಲ್ಲಿದ್ದ ಬಹುಪಾಲು ಮಕ್ಕಳಿಗೆ ಅಪ್ಪ ಅಥವಾ ಅಮ್ಮ ಬದುಕಿದ್ದರು. ಆಸ್ಟ್ರೇಲಿಯಾ 2018ರಲ್ಲಿ ಆಧುನಿಕ ಗುಲಾಮಗಿರಿ ವಿರುದ್ಧ ಕಾಯ್ದೆ ತರುವಾಗ ಅನಾಥಾಲಯಗಳಿಗಾಗಿ ಮಕ್ಕಳನ್ನು ಸಾಗಿಸುವ ಪಿಡುಗೂ ಅಲ್ಲಿನ ಸಂಸತ್ತಿನಲ್ಲಿ ಚರ್ಚೆಗೆ ಬಂತು. ನಮ್ಮ ಪಕ್ಕದ ಗೋವಾದಲ್ಲಿ ಫ್ರೆಡ್ಡಿ ಪೀಟ್ಸ್ ಎಂಬವನು ಮಕ್ಕಳ ಆಶ್ರಮದ ಹೆಸರಿನಲ್ಲಿ ನಡೆಸಿದ ಲೈಂಗಿಕ ಶೋಷಣೆ 1991ರಲ್ಲಿ ಹೊರಬಿತ್ತು. ಅಲ್ಲಿಗೆ ಬಂದು ಹೋಗುತ್ತಿದ್ದವರಲ್ಲಿ ವಿದೇಶಿಯರೂ ಇದ್ದರು. 1996ರಲ್ಲಿ ಅವನಿಗೆ ಜೀವಾವಧಿ ಶಿಕ್ಷೆ ಆಯಿತು. ಎಲ್ಲರನ್ನೂ ಅನುಮಾನದಿಂದ ನೋಡಿ ಎಂದು ನಾನು ಹೇಳುತ್ತಿಲ್ಲ. ಬರುವವರು ಯಾರು, ಹಿನ್ನೆಲೆ ಏನು ಎಂದು ವಿಚಾರಿಸುವುದು ಅಪಮಾನವಲ್ಲ. ಒಳ್ಳೆಯ ಮನಸ್ಸಿನಿಂದ ಬಂದವರು ಆ ವಿಚಾರಣೆಗೆ ಸಂತೋಷದಿಂದ ಒಪ್ಪುತ್ತಾರೆ.

2015ರ ಬಾಲನ್ಯಾಯ ಕಾಯ್ದೆಯ ಅಡಿ ಮಕ್ಕಳ ಪಾಲನಾ ಸಂಸ್ಥೆ ಯಾವುದೇ ಇರಲಿ, ನೋಂದಣಿ ಕಡ್ಡಾಯ. ಅದೇ ಕಾಯ್ದೆಯ 74ನೇ ಸೆಕ್ಷನ್ ರಕ್ಷಣೆಯಲ್ಲಿರುವ ಮಗುವಿನ ಗುರುತು ಬಯಲು ಮಾಡುವುದನ್ನು ನಿಷೇಧಿಸುತ್ತದೆ. ಮೀರಿದರೆ ಆರು ತಿಂಗಳವರೆಗೆ ಸಜೆ, ಇಲ್ಲವೇ ಎರಡು ಲಕ್ಷದವರೆಗೆ ದಂಡ, ಎರಡೂ ಆಗಬಹುದು. ಆಶ್ರಯಧಾಮದ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಫೋಟೊ ತೆಗೆದು ಜಗತ್ತಿಗೆಲ್ಲ ತೋರಿಸುವವರಿಗೆ ಇದು ಗೊತ್ತಿರುವುದಿಲ್ಲ. ಗೊತ್ತು ಮಾಡಿಸುವ ಕೆಲಸ ಬರಮಾಡಿಕೊಂಡವರದು. ನಮ್ಮ ಮಗುವಿನ ಫೋಟೊ ಯಾರೋ ತೆಗೆದು ಎಲ್ಲೋ ಹಾಕಿದರೆ ನಾವು ಸುಮ್ಮನಿರುತ್ತೇವೆಯೇ? ಹಳ್ಳಿಯ ಮಗು ಎಂದ ಮಾತ್ರಕ್ಕೆ ಆ ಮಾನ ಕಡಿಮೆಯಾಗಬಾರದು.

ಮೆಜೆಸ್ಟಿಕ್‌ನಲ್ಲಿ ಸಿಕ್ಕ ಮಗುವಿನ ವಿಷಯದಲ್ಲಿ ಇನ್ನೂ ಒಂದು ಸೂಕ್ಷ್ಮವಿದೆ. ಬಾಸ್ಕೋದಂಥ ಸಂಸ್ಥೆಗಳ ಮೊದಲ ಗುರಿ ಆ ಮಗುವನ್ನು ಮನೆಗೆ ತಲುಪಿಸುವುದು. ರಾಯಚೂರಿನಿಂದಲೋ ಯಾದಗಿರಿಯಿಂದಲೋ ರೈಲು ಹತ್ತಿ ಬಂದ ಹುಡುಗ, ಅಪ್ಪನ ಹೊಡೆತಕ್ಕೆ ಹೆದರಿ ಬಂದವನು, ಇಲ್ಲಿ ಫುಟ್‌ಬಾಲ್ ಆಡುವ ಅಣ್ಣನನ್ನು ಹಚ್ಚಿಕೊಂಡು ಊರಿಗೆ ಹೋಗಲಾರೆ ಎಂದು ಹಟ ಹಿಡಿಯಬಹುದು. ಆಗ ಆ ಅಣ್ಣ ಮಾಡಬೇಕಾದದ್ದು ಕಷ್ಟದ ಕೆಲಸ. ಕಾರ್ಯಕರ್ತರು ಅಪ್ಪನ ಜೊತೆ ಮಾತಾಡಿ ಮನೆ ಸರಿಯಾಗಿದೆ ಎಂದು ಖಾತ್ರಿಪಡಿಸಿಕೊಂಡ ಮೇಲೆ, ‘ಹೋಗಿ ಬಾ, ಅಮ್ಮ ಕಾಯ್ತಿದ್ದಾರೆ’ ಎಂದು ಅವನೇ ಹೇಳಬೇಕು. ಮನೆಗೆ ಕಳಿಸಿಕೊಡಬಲ್ಲ ಪ್ರೀತಿ ದೊಡ್ಡದು. ಒಂದು ವರ್ಷ ಇರುವವರಿಗೆ ಅದು ಕಲಿಯಲು ಸಮಯ ಸಿಗುತ್ತದೆ.

ಇನ್ನು ನಮ್ಮದೇ ಕಾಲೇಜು ಮಕ್ಕಳ ಮಾತಿಗೆ ಬರೋಣ. ಗಾಂಧಿ ಶತಮಾನೋತ್ಸವದ ವರ್ಷ, 1969ರಲ್ಲಿ, 37 ವಿಶ್ವವಿದ್ಯಾಲಯಗಳಲ್ಲಿ ರಾಷ್ಟ್ರೀಯ ಸೇವಾ ಯೋಜನೆ (ಎನ್‌ಎಸ್‌ಎಸ್) ಶುರುವಾಯಿತು. ಬೆಂಗಳೂರಿನ ಕಾಲೇಜುಗಳಿಂದ ಪ್ರತಿ ವರ್ಷ ಹುಡುಗರು ಏಳು ದಿನದ ಶಿಬಿರಕ್ಕೆ ಹಳ್ಳಿಗೆ ಹೋಗುತ್ತಾರೆ. ಚರಂಡಿ ತೆಗೆಯುತ್ತಾರೆ, ಸಂಜೆ ನಾಟಕ ಆಡುತ್ತಾರೆ, ಆ ಊರಿನ ಮಕ್ಕಳು ಏಳೂ ದಿನ ಬೆನ್ನು ಬಿಡುವುದಿಲ್ಲ. ಶಿಬಿರ ಮುಗಿದ ಮೇಲೆ ಆ ಊರಿಗೆ ಮತ್ತೆ ಹೋದವರು ಎಷ್ಟು ಮಂದಿ? ಸಾವಿರಾರು ಮೈಲಿಯಿಂದ ಬಂದವರ ಮೇಲೆ ನಾವು ಹೊರಿಸುವ ತಪ್ಪನ್ನು ನಾವೂ ಮಾಡುತ್ತಿದ್ದೇವೆ. ನಮಗಾದರೋ ಭಾಷೆ ಇದೆ, ಕೆಂಪು ಬಸ್ಸು ಇದೆ, ಮೂರು ತಾಸಿನ ದಾರಿ. ನೆಪ ಹೇಳಲು ನಮಗೆ ಹಕ್ಕಿಲ್ಲ.

ನನಗೆ ಹೆಚ್ಚು ಭರವಸೆ ಇರುವುದು ಹೊರದೇಶದ ಕನ್ನಡ ಕುಟುಂಬಗಳ ಮಕ್ಕಳ ಮೇಲೆ. ಅಮೆರಿಕದಲ್ಲಿ ಬೇಸಿಗೆ ರಜೆ ಬರುವಾಗ ನಮ್ಮಲ್ಲಿ ಶಾಲೆ ತೆರೆದಿರುತ್ತದೆ. ಜೂನ್, ಜುಲೈ ತಿಂಗಳಲ್ಲಿ ಅವರು ಅಜ್ಜಿ ಊರಿಗೆ ಬರುತ್ತಾರೆ. ಕನ್ನಡ ಅರ್ಧಂಬರ್ಧ ಬರುತ್ತದೆ, ಆದರೆ ಬರುತ್ತದೆ. ಮುಖ್ಯವಾಗಿ ಮುಂದಿನ ವರ್ಷವೂ ಬರುತ್ತಾರೆ, ಅದರ ಮುಂದಿನ ವರ್ಷವೂ. ಮೊದಲ ವರ್ಷ ಮೂರನೇ ಇಯತ್ತೆಯಲ್ಲಿದ್ದ ಹುಡುಗಿ ಅವರು ಮತ್ತೆ ಬರುವಾಗ ನಾಲ್ಕರಲ್ಲಿರುತ್ತಾಳೆ, ಹೀಗೇ ಮುಂದೆ ಹೈಸ್ಕೂಲಿಗೆ ಹೋಗುತ್ತಾಳೆ. ಪಿಯುಸಿಗೆ ಯಾವ ವಿಷಯ ತೆಗೆದುಕೊಳ್ಳಲಿ ಎಂದು ಕೇಳಲು ಆಕೆಗೆ ಒಬ್ಬ ಅಕ್ಕ ಇರುತ್ತಾಳೆ. ಊರಿನವರಿಗೂ ಆ ಅಕ್ಕ ಯಾರ ಮೊಮ್ಮಗಳು ಎಂದು ಗೊತ್ತು. ತಪ್ಪಿದರೆ ಕೇಳುವವರಿದ್ದಾರೆ.

ಈ ಲೇಖನ ಓದುತ್ತಿರುವ, ಮಕ್ಕಳು ಹೊರದೇಶದಲ್ಲಿರುವ ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಯ ಅಜ್ಜ ಅಜ್ಜಿಯರಲ್ಲಿ ನನ್ನದೊಂದು ಕೋರಿಕೆ. ಮೊಮ್ಮಕ್ಕಳು ಈ ಸಲ ಬಂದಾಗ ಮಾಲ್‌ಗೆ ಕರೆದುಕೊಂಡು ಹೋಗಿ, ಬೇಡ ಎನ್ನುವುದಿಲ್ಲ. ಜೊತೆಗೆ ನೀವು ಅಕ್ಷರ ಕಲಿತ ಊರಿನ ಸರ್ಕಾರಿ ಶಾಲೆಗೂ ಒಮ್ಮೆ ಕರೆದುಕೊಂಡು ಹೋಗಿ. ಹೆಡ್‌ಮಾಸ್ಟರನ್ನೂ ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಅಧ್ಯಕ್ಷರನ್ನೂ ಕಂಡು, ಅವರಿಗೆ ಬೇಕಾದದ್ದು ಏನು ಎಂದು ಕೇಳಿ, ಮೊಮ್ಮಕ್ಕಳು ಅಷ್ಟನ್ನೇ ಮಾಡಲಿ. ನಾನು ಇಂಥ ದಿನ ಹೊರಡುತ್ತೇನೆ ಎಂದು ಮೊಮ್ಮಗಳು ಮಕ್ಕಳಿಗೆ ಮೊದಲ ದಿನವೇ ಹೇಳಲಿ. ಮತ್ತೆ ಬರುತ್ತೇನೆ ಎಂದು ಹೇಳುವುದಾದರೆ ಟಿಕೆಟ್ ಮಾಡಿಸಿಯೇ ಹೇಳಲಿ.